ಕಾಗದದ ಕ್ರಿಸ್‌ಮಸ್ ಅಲಂಕಾರ: ಡಬ್ಬಿಗೆ ಚಪ್ಪಟೆ, ಮನೆಗೆ ಉಬ್ಬು

ಉಡುಗೊರೆ ಡಬ್ಬಿಯ ಮೇಲೆ ಕೂರುವ ಅಲಂಕಾರವೇ ಬೇರೆ, ಮನೆಯಲ್ಲಿ ತೂಗುವ ಅಲಂಕಾರವೇ ಬೇರೆ. ಈ ಸಲ ಕ್ರಿಸ್‌ಮಸ್‌ಗೆ ಕಾಗದದ ಕೆಲಸ ಹಿಡಿಯುವ ಮುಂಚೆ ಇದೊಂದನ್ನು ತಲೆಯಲ್ಲಿ ಗಟ್ಟಿ ಮಾಡಿಕೊಂಡೆ. ಡಬ್ಬಿಯ ಮೇಲಿನದು ಚಪ್ಪಟೆಯಾಗಿರಬೇಕು. ಅದರ ಮೇಲೆ ಇನ್ನೊಂದು ಡಬ್ಬಿ ಕೂರುತ್ತದೆ, ಇಡೀ ರಾಶಿಯನ್ನು ಯಾರೋ ಚೀಲದೊಳಗೆ ತುರುಕುತ್ತಾರೆ, ಕೊನೆಗೆ ಇನ್ಯಾರೋ ಅವಸರದಲ್ಲಿ ಕಿತ್ತು ತೆಗೆಯುತ್ತಾರೆ. ತೂಗುವುದಕ್ಕೆ ಈ ಕಷ್ಟ ಯಾವುದೂ ಇಲ್ಲ. ಆದರೆ ಅದನ್ನು ಎಲ್ಲ ಕಡೆಯಿಂದಲೂ ನೋಡುತ್ತಾರೆ, ವಾರಗಟ್ಟಲೆ ಗಾಳಿಯ ತೇವ ಕುಡಿದರೂ ಅದು ಜೋತುಬೀಳದೆ ನಿಲ್ಲಬೇಕು. ಹಾಗಾಗಿ ಡಬ್ಬಿಗಳಿಗೆ ನೆರಿಗೆ ಚಕ್ರ, ಮರಕ್ಕೆ ಮತ್ತು ಕಿಟಕಿಗೆ ಪಟ್ಟಿ ಚೆಂಡು ಮತ್ತು ಹಿಮದ ಹರಳು, ಎರಡಕ್ಕೂ ಸಲ್ಲುವಂತೆ ಹೆಣೆದ ನಕ್ಷತ್ರ ಮತ್ತು ಹೃದಯ ಅಂತ ಕೆಲಸ ಹಂಚಿಕೊಂಡೆ.

ಮೊದಲು ಕಾಗದ

ಕಾಗದದ ಕೆಲಸದಲ್ಲಿ ಅರ್ಧ ಸೋಲು ಗೆಲುವು ಕತ್ತರಿ ಹಿಡಿಯುವ ಮುಂಚೆಯೇ ತೀರ್ಮಾನವಾಗಿರುತ್ತದೆ. ನೋಡಬೇಕಾದ್ದು ಎರಡೇ: ದಪ್ಪ, ನಾರಿನ ದಿಕ್ಕು.

ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅಂತ. ಎ4 ಹಾಳೆ ಚದರ ಮೀಟರಿನ ಹದಿನಾರನೇ ಒಂದು ಭಾಗ. ಹಾಗಾಗಿ 80 ಜಿಎಸ್‌ಎಂನ ಒಂದು ಹಾಳೆ ಸರಿಯಾಗಿ 5 ಗ್ರಾಂ. ಮನೆಯಲ್ಲಿ ಹೆಸರು ದಿಕ್ಕಿಲ್ಲದೆ ಬಿದ್ದಿರುವ ಬಣ್ಣದ ಹಾಳೆಗಳಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಹತ್ತು ಎ4 ಹಾಳೆ ಇಟ್ಟು, ಬಂದ ತೂಕವನ್ನು ಹತ್ತರಿಂದ ಭಾಗಿಸಿ ಹದಿನಾರರಿಂದ ಗುಣಿಸಿದರೆ ಜಿಎಸ್‌ಎಂ ಗೊತ್ತಾಗಿಬಿಡುತ್ತದೆ. ಹೆಣೆಯುವ ನಕ್ಷತ್ರಕ್ಕೆ 80 ರಿಂದ 100, ನೆರಿಗೆಗೆ 120, ಚೆಂಡಿಗೆ 200 ಇಟ್ಟುಕೊಂಡೆ.

ನಾರಿನ ವಿಷಯವನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ನೀರು ಬೆರೆತು ಹರಿಯುವ ತಿರುಳಿನಲ್ಲಿರುವ ನಾರುಗಳು ಬಹುಪಾಲು ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕಿಗೆ ಸಮಾನಾಂತರವಾಗಿ ಮಡಚಿದರೆ ಮಡಿಕೆ ಚೊಕ್ಕ, ಅಡ್ಡಲಾಗಿ ಮಡಚಿದರೆ ಅಂಚು ಒರಟು. ದಪ್ಪ ಕಾಗದದಲ್ಲಿ ಬಣ್ಣದ ಪದರ ಬಿರಿದು ಒಳಗಿನ ಬಿಳಿ ಇಣುಕುತ್ತದೆ. ದಿಕ್ಕು ಕಂಡುಹಿಡಿಯಲು ಹಾಳೆಯನ್ನು ಮಡಿಕೆ ಬೀಳದಂತೆ ಮೆಲ್ಲಗೆ ಬಾಗಿಸಿ ಅಂಗೈಯಿಂದ ಒತ್ತಿ ನೋಡಿ, ಆಮೇಲೆ ಅದನ್ನೇ ತಿರುಗಿಸಿ ಇನ್ನೊಂದು ಕಡೆಯಿಂದ ಬಾಗಿಸಿ. ಯಾವ ಬಾಗಿಗೆ ಕಾಗದ ಕಡಿಮೆ ಸೆಟೆಯುತ್ತದೋ ಆ ಬಾಗಿನ ಉದ್ದಕ್ಕೆ ನಾರು ಇದೆ. ಇನ್ನೂ ಅನುಮಾನವಿದ್ದರೆ ಒಂದು ಚಿಕ್ಕ ಚೌಕ ಕತ್ತರಿಸಿ ಒಂದು ಬದಿಗೆ ಮಾತ್ರ ನೀರು ಸವರಿ. ಅದು ತಾನಾಗಿಯೇ ಸುರುಳಿ ಸುತ್ತಿಕೊಳ್ಳುತ್ತದೆ, ಆ ಸುರುಳಿಯ ಉದ್ದವೇ ನಾರಿನ ದಿಕ್ಕು. ನಾರು ನೀರು ಕುಡಿದಾಗ ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಉಬ್ಬುವುದೇ ಇದಕ್ಕೆ ಕಾರಣ. ಎ4 ಪ್ರಿಂಟರ್ ಹಾಳೆಗಳಲ್ಲಿ ಸಾಮಾನ್ಯವಾಗಿ ನಾರು ಉದ್ದ ಬದಿಯ ಜೊತೆಗೇ ಓಡುತ್ತದೆ.

ಹೊಳೆಯುವ ಸುತ್ತುಕಾಗದದ ತುಂಡುಗಳನ್ನೂ ಬಳಸಬಹುದು, ಆದರೆ ಮೊದಲು ಮುಷ್ಟಿಯಲ್ಲಿ ಹಿಸುಕಿ ಬಿಟ್ಟು ನೋಡಿ. ಮುದ್ದೆಯಾಗಿಯೇ ಉಳಿದರೆ ಕಾಗದ, ಮೆಲ್ಲಗೆ ಬಿಚ್ಚಿಕೊಂಡರೆ ಪ್ಲಾಸ್ಟಿಕ್. ಪ್ಲಾಸ್ಟಿಕ್ ಆದರೆ ಮಡಿಕೆ ನಿಲ್ಲುವುದಿಲ್ಲ, ಬಿಳಿ ಅಂಟು ಹಿಡಿಯುವುದಿಲ್ಲ, ಹಬ್ಬ ಮುಗಿದ ಮೇಲೆ ಹಳೇ ಕಾಗದದ ಜೊತೆ ಮರುಬಳಕೆಗೂ ಹೋಗುವುದಿಲ್ಲ. ಮಿನುಗು ಪುಡಿಯನ್ನಂತೂ ನಾನು ಹತ್ತಿರಕ್ಕೇ ಸೇರಿಸಲಿಲ್ಲ. ಮರ ಇಳಿಸಿದ ಎಷ್ಟೋ ದಿನದ ಮೇಲೂ ಸೋಫಾದ ಸಂದಿಯಲ್ಲಿ ಅದು ಹಬ್ಬ ಮಾಡುತ್ತಿರುತ್ತದೆ.

ಉಳಿದ ಸಾಮಾನು ಸಾಧಾರಣ: ಸ್ಟೀಲ್ ಸ್ಕೇಲು, ಹೊಸ ಬ್ಲೇಡಿನ ಕಟರ್, ಚೂಪು ತುದಿಯ ಕತ್ತರಿ, ಬಿಳಿ ಅಂಟು, ಗ್ಲೂ ಗನ್, ಸೂಜಿ, ಹತ್ತಿಯ ದಾರ, ಮಡಿಕೆಗೆ ಗೀರು ಹಾಕಲು ಇಂಕು ಮುಗಿದ ಬಾಲ್ ಪೆನ್ನು. ಈ ಕೊನೆಯದಕ್ಕಿಂತ ಒಳ್ಳೆಯ ಗೀರುಕಡ್ಡಿ ನನಗೆ ಸಿಕ್ಕಿಲ್ಲ.

ನೆರಿಗೆ ಚಕ್ರ

ಉದ್ದನೆಯ ಪಟ್ಟಿಗೆ ನೆರಿಗೆ ಹಿಡಿದು, ಎರಡು ತುದಿ ಸೇರಿಸಿ, ಒಂದು ಅಂಚನ್ನು ನಡುವಿಗೆ ಎಳೆದರೆ ಚಕ್ರ. ಕೇಳಲು ಇಷ್ಟೇ, ಆದರೆ ಲೆಕ್ಕ ತಪ್ಪಿದರೆ ಅದು ಚಪ್ಪಟೆಯಾಗುವುದೇ ಇಲ್ಲ.

ಪಟ್ಟಿಯ ಅಗಲವೇ ಚಕ್ರದ ತ್ರಿಜ್ಯ. ಹೊರ ಅಂಚು ಒಂದು ಸುತ್ತು ಬರಲು ಅಗಲದ 6.28 ಪಟ್ಟು ಉದ್ದ ಬೇಕೇ ಬೇಕು. ಬರೀ ಅಷ್ಟೇ ಇದ್ದರೆ ಹೊರಗಡೆ ನೆರಿಗೆಯೇ ಉಳಿಯದೆ ಕಾಗದ ಸೆಟೆದು ಹರಿಯುತ್ತದೆ. ಏಳೂವರೆ ಪಟ್ಟಿನಿಂದ ಹತ್ತು ಪಟ್ಟಿನವರೆಗೆ ಇಟ್ಟುಕೊಂಡರೆ ನೆರಿಗೆ ನಿಂತು ಕಾಣುತ್ತದೆ. ಇನ್ನೊಂದು ಅಳತೆ ದಪ್ಪದ್ದು: ಚಕ್ರ ನಡುವಿನಲ್ಲಿ ಎಷ್ಟು ದಪ್ಪ ಬರುತ್ತದೆ ಅನ್ನುವುದು ಒಂದು ನೆರಿಗೆಯ ಅಗಲಕ್ಕೆ ಸುಮಾರಾಗಿ ಸಮ. ಗೋಡೆಗಾದರೆ ಒಂದೂವರೆ ಸೆಂಟಿಮೀಟರ್ ನೆರಿಗೆ ಚೆಂದ. ಡಬ್ಬಿಗೆ ಅಷ್ಟು ಉಬ್ಬು ಬೇಡ ಅಂತ 7 ಮಿಲಿಮೀಟರಿಗೆ ಇಳಿಸಿದೆ.

ಈಗ ನಾರಿನ ಲೆಕ್ಕ ಬರುತ್ತದೆ. ಎ4 ಹಾಳೆಯಿಂದ 29.7 ಸೆಂ.ಮೀ. ಉದ್ದದ ಪಟ್ಟಿ ತೆಗೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಆದರೆ ಆಗ ಪ್ರತಿ ನೆರಿಗೆಯೂ ನಾರಿಗೆ ಅಡ್ಡ ಬೀಳುತ್ತದೆ. 80 ಜಿಎಸ್‌ಎಂ ಇದನ್ನು ಸಹಿಸಿಕೊಳ್ಳುತ್ತದೆ, 120 ಸಹಿಸುವುದಿಲ್ಲ. ಅದಕ್ಕೇ ಗೀರುಗಳನ್ನು ಉದ್ದ ಬದಿಗೆ ಸಮಾನಾಂತರವಾಗಿ ಎಳೆದೆ. ಹಾಳೆಯ 21 ಸೆಂ.ಮೀ. ಅಗಲದಲ್ಲಿ 7 ಮಿ.ಮೀ.ಗೆ ಒಂದರಂತೆ ಸರಿಯಾಗಿ 30 ನೆರಿಗೆ ಕೂರುತ್ತವೆ. ಇಡೀ ಹಾಳೆಗೆ ಒಂದೇ ಸಲ ಗೀರು ಹಾಕಿ, ಒಂದೇ ಸಲ ನೆರಿಗೆ ಹಿಡಿದು, ಆಮೇಲೆ ಬಿಡಿಸಿ ನಾಲ್ಕೂವರೆ ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿದೆ. ಒಂದು ಹಾಳೆಗೆ ಆರು ಪಟ್ಟಿ, ಅಂದರೆ ಮೂರು ಚಕ್ರ. ಒಂದೊಂದು ಪಟ್ಟಿಗೆ ಬೇರೆಬೇರೆಯಾಗಿ ಗೀರು ಹಾಕುವವರ ತಾಳ್ಮೆಗೆ ದೊಡ್ಡ ನಮಸ್ಕಾರ.

ಎರಡು ಪಟ್ಟಿ ಜೋಡಿಸುವಾಗ ಒಂದು ಸಣ್ಣ ಸಿಕ್ಕು ಇದೆ. ಮೊದಲ ಪಟ್ಟಿಯ ಕೊನೆಯ ನೆರಿಗೆ ಇಳಿಜಾರಾಗಿದ್ದರೆ ಅದರ ಮೇಲೆ ಅಂಟುವ ನೆರಿಗೆಯೂ ಇಳಿಜಾರೇ ಆಗಿರಬೇಕು. ಒಂದೇ ಹಾಳೆಯಿಂದ ಬಂದ ಪಟ್ಟಿಗಳೆಲ್ಲ ಏರಿನಿಂದಲೇ ಶುರುವಾಗುತ್ತವೆ. ಎರಡೂ ಮುಖ ಒಂದೇ ಬಣ್ಣವಾಗಿದ್ದರೆ ಎರಡನೇ ಪಟ್ಟಿಯನ್ನು ಮಗುಚಿ ಹಾಕಿದರೆ ಮುಗಿಯಿತು. ಒಂದು ಕಡೆ ಮಾತ್ರ ಬಣ್ಣವಿರುವ ಕಾಗದವಾದರೆ ಮಗುಚುವಂತಿಲ್ಲ, ಆಗ ಎರಡನೇ ಪಟ್ಟಿಯ ಎರಡೂ ತುದಿಯಿಂದ ಒಂದೊಂದು ನೆರಿಗೆ ಕತ್ತರಿಸಿ ತೆಗೆಯಬೇಕು. ಒಟ್ಟಿನಲ್ಲಿ ಸುತ್ತು ಮುಚ್ಚಿದ ಮೇಲೆ ನೆರಿಗೆಗಳ ಸಂಖ್ಯೆ ಸಮಸಂಖ್ಯೆ ಆಗಿರಲೇಬೇಕು. ಬೆಸವಾದರೆ ಎಲ್ಲೋ ಒಂದು ಕಡೆ ಎರಡು ಏರು ಒಟ್ಟಿಗೆ ಬಂದು ಚಕ್ರ ಸೊಟ್ಟಗಾಗುತ್ತದೆ. ನನ್ನವು 58 ಮತ್ತು 56 ನೆರಿಗೆಯವಾದವು, ಅಡ್ಡಳತೆ 9 ಸೆಂ.ಮೀ.

ಅಂಚಿಗೆ ನಕ್ಷೆ ಬೇಕಾದರೆ ಸುತ್ತು ಮುಚ್ಚುವ ಮುಂಚೆಯೇ ಕತ್ತರಿಸಿಕೊಳ್ಳಿ. ಐದಾರು ನೆರಿಗೆ ಒಟ್ಟಿಗೆ ಹಿಡಿದು ಹೊರ ಮೂಲೆಯನ್ನು ಓರೆಯಾಗಿ ಕತ್ತರಿಸಿದರೆ ಅಂಚೆಲ್ಲ ಹಲ್ಲುಹಲ್ಲಾಗುತ್ತದೆ. ಮೂವತ್ತೂ ಪದರವನ್ನು ಒಂದೇ ಏಟಿಗೆ ಕತ್ತರಿಸಲು ಹೋದರೆ ಕೆಳಗಿನ ಪದರಗಳು ಜಾರಿ ಅಳತೆ ಹೋಗುತ್ತದೆ.

ನಡುವನ್ನು ಹಿಡಿದು ನಿಲ್ಲಿಸುವುದೇ ಈ ಕೆಲಸದ ಕಷ್ಟದ ಭಾಗ. ಉಂಗುರದಂತೆ ನಿಂತಿರುವ ಪಟ್ಟಿಯನ್ನು ಮೇಲಿನಿಂದ ಒತ್ತಿದರೆ ಒಳಅಂಚು ಕೂಡಿಕೊಂಡು ಚಕ್ರ ಮಲಗುತ್ತದೆ, ಬೆರಳು ತೆಗೆದ ಕೂಡಲೇ ಟಪ್ಪೆಂದು ಎದ್ದು ಮತ್ತೆ ಉಂಗುರವಾಗುತ್ತದೆ. ಬರೀ ಗ್ಲೂ ಗನ್ ನಂಬಿದರೆ ಬೆರಳು ಸುಡುವುದು ಗ್ಯಾರಂಟಿ. ನಾನು ಒಳಅಂಚಿನಿಂದ 3 ಮಿ.ಮೀ. ಬಿಟ್ಟು ಎಲ್ಲ ನೆರಿಗೆಗೂ ಸೂಜಿ ತೂರಿಸಿ ದಾರ ಓಡಿಸಿದೆ. ದಾರ ಬಿಗಿ ಮಾಡಿ ಗಂಟು ಹಾಕಿದರೆ ಚಕ್ರ ಮುಕ್ಕಾಲು ಪಾಲು ತಾನೇ ಮಲಗಿರುತ್ತದೆ. ಆಮೇಲೆ ಹಿಂದೆ ಮುಂದೆ ಎರಡೂ ಕಡೆ ಎರಡೂವರೆ ಸೆಂ.ಮೀ.ನ ರಟ್ಟಿನ ಬಿಲ್ಲೆಗೆ ಬಿಸಿ ಅಂಟು ಹಾಕಿ ಕೂರಿಸಿ, ಮೇಲೊಂದು ದಪ್ಪ ಪುಸ್ತಕ ಹೇರಿದರೆ ಸಾಕು. ಬಿಳಿ ಅಂಟಿನಿಂದಲೂ ಆಗುತ್ತದೆ, ರಾತ್ರಿಯಿಡೀ ಭಾರ ಹೇರಿಡಬೇಕು ಅಷ್ಟೆ.

ಹೆಣೆದ ನಕ್ಷತ್ರ

ನಾಲ್ಕು ಪಟ್ಟಿ ಹೆಣೆದು ಮಾಡುವ ಈ ನಕ್ಷತ್ರಕ್ಕೆ ಫ್ರೋಬೆಲ್ ನಕ್ಷತ್ರ ಎಂದು ಹೆಸರು. ಕಿಂಡರ್‌ಗಾರ್ಟನ್ ಶಿಕ್ಷಣವನ್ನು ಶುರು ಮಾಡಿದ ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ (1782–1852) ಕಾಗದ ಮಡಚುವುದನ್ನೂ ಹೆಣೆಯುವುದನ್ನೂ ಮಕ್ಕಳ ಪಾಠದೊಳಗೆ ತಂದವರು. ನನ್ನ ಲೆಕ್ಕದಲ್ಲಿ ಡಬ್ಬಿಗೂ ಮರಕ್ಕೂ ಇಷ್ಟು ಚೆನ್ನಾಗಿ ಒದಗುವ ಮಾದರಿ ಬೇರೆ ಇಲ್ಲ. ಅರ್ಧ ದಾರಿಯಲ್ಲಿ ನಿಲ್ಲಿಸಿದರೆ ಎಂಟು ಮೊನೆಯ ಚಪ್ಪಟೆ ನಕ್ಷತ್ರ, ಪೂರ್ತಿ ಮಾಡಿದರೆ ಹದಿನಾರು ಮೊನೆಯ ಉಬ್ಬು ನಕ್ಷತ್ರ.

ಪಟ್ಟಿಯ ಉದ್ದ ಅಗಲದ ಸುಮಾರು ಮೂವತ್ತು ಪಟ್ಟು ಇರಬೇಕು, ನಕ್ಷತ್ರದ ಅಡ್ಡಳತೆ ಅಗಲದ ನಾಲ್ಕು ಪಟ್ಟು ಬರುತ್ತದೆ. ಎ4 ಹಾಳೆಯ ಉದ್ದಕ್ಕೆ 1 ಸೆಂ.ಮೀ. ಪಟ್ಟಿ ತೆಗೆದರೆ 4 ಸೆಂ.ಮೀ.ನ ನಕ್ಷತ್ರ, ಚಿಕ್ಕ ಡಬ್ಬಿಗೆ ಹೇಳಿ ಮಾಡಿಸಿದ್ದು. ಮರಕ್ಕೆ ಎ3 ಹಾಳೆಯಿಂದ 1.4 ಸೆಂ.ಮೀ. ಪಟ್ಟಿ ತೆಗೆದೆ. ಕಾಗದದ ಎರಡೂ ಮುಖ ಹೊರಗೆ ಕಾಣುವುದರಿಂದ ಎರಡೂ ಕಡೆ ಬಣ್ಣವಿರುವುದೇ ಬೇಕು. ಪಟ್ಟಿಗಳ ಅಗಲದಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಕೊನೆಗೆ ಬಾಲ ತೂರುವುದಿಲ್ಲ. ಅದಕ್ಕೆ ಕತ್ತರಿ ಬೇಡ, ಸ್ಟೀಲ್ ಸ್ಕೇಲು ಇಟ್ಟು ಕಟರ್‌ನಲ್ಲೇ ಸೀಳಿ.

ನಾಲ್ಕೂ ಪಟ್ಟಿಗಳನ್ನು ನಡುವೆ ಮಡಚಿ ಜೋಡುಪದರ ಮಾಡಿ, ತೂರಿಸಲು ಅನುಕೂಲವಾಗುವಂತೆ ತುದಿಗಳನ್ನು ಓರೆಯಾಗಿ ಕತ್ತರಿಸಿಕೊಳ್ಳಬೇಕು. ಎರಡನೇ ಪಟ್ಟಿ ಮೊದಲನೆಯದನ್ನು ತನ್ನ ಎರಡು ಪದರಗಳ ನಡುವೆ ಅಡ್ಡಲಾಗಿ ಹಿಡಿಯುತ್ತದೆ, ಮೂರನೆಯದು ಎರಡನೆಯದನ್ನು, ನಾಲ್ಕನೆಯದು ಮೂರನೆಯದನ್ನು. ನಾಲ್ಕನೆಯದರ ಬಾಲ ಮೊದಲನೆಯದರ ಪದರಗಳ ನಡುವೆ ತೂರಿ ಆಚೆ ಬರುತ್ತದೆ. ನಾಲ್ಕೂ ಕಡೆ ಸಮನಾಗಿ ಎಳೆದು ಬಿಗಿ ಮಾಡಿದರೆ ನಡುವೆ ನಾಲ್ಕು ಮನೆಯ ಚೌಕ. ಈಗ ಮೇಲಿನ ಪದರದ ಬಾಲಗಳನ್ನಷ್ಟೇ ಒಂದಾದ ಮೇಲೊಂದು ಚೌಕದ ಮೇಲೆ ಮಡಚುತ್ತಾ ಸುತ್ತು ಬನ್ನಿ, ಕೊನೆಯದನ್ನು ಮೊದಲನೆಯದರ ಕೆಳಗೆ ತೂರಿಸಿ ಬೀಗ ಹಾಕಿ. ಪ್ರತಿ ಬದಿಯಲ್ಲಿ ಎರಡೆರಡರಂತೆ ಎಂಟು ಬಾಲ ಉಳಿಯುತ್ತವೆ.

ಮೊನೆ ಮಾಡಲು ಒಂದು ಬಾಲವನ್ನು ಚೌಕದ ಅಂಚಿನಲ್ಲಿ 45 ಡಿಗ್ರಿ ಓರೆಯಾಗಿ ಹಿಂದಕ್ಕೆ ಮಡಚಿ, ಮತ್ತೆ 45 ಡಿಗ್ರಿ ಮುಂದಕ್ಕೆ ಮಡಚಿದಾಗ ಒಂದು ತ್ರಿಕೋನ ಬರುತ್ತದೆ. ಅದನ್ನು ನಡುಗೆರೆಯಲ್ಲಿ ಮುಚ್ಚಿ, ಬಾಲವನ್ನು ಪಕ್ಕದ ಮನೆಯ ಪದರದ ಕೆಳಗೆ ತೂರಿಸಬೇಕು. ಮುಂಭಾಗದಲ್ಲಿ ನಾಲ್ಕು, ಮಗುಚಿ ಇನ್ನು ನಾಲ್ಕು. ಡಬ್ಬಿಗೆ ಇಲ್ಲಿಗೇ ನಿಲ್ಲಿಸಿ ಉಳಿದ ಬಾಲ ಕತ್ತರಿಸಿಬಿಡಿ, ಅಂಟಿನ ಹನಿಯೂ ಬೇಡ.

ತೂಗುವುದಕ್ಕೆ ಮುಂದುವರಿಯಬೇಕು. ಒಂದು ಬಾಲವನ್ನು ಮೇಲಕ್ಕೆತ್ತಿ, ಮಡಿಕೆ ಹಾಕದೆ, ಸುರುಳಿಯಂತೆ ತಿರುಚಿ ತುದಿಯನ್ನು ಪಕ್ಕದ ಮನೆಯ ಕೆಳಗೆ ನುಗ್ಗಿಸಿದರೆ ಅದು ಎದುರಿನ ಚಪ್ಪಟೆ ಮೊನೆಯ ಒಳಗಿನಿಂದ ಹೊರಬರುತ್ತದೆ. ಅಲ್ಲಿಂದ ಹಿಡಿದು ಎಳೆಯುತ್ತಾ ಹೋದಂತೆ ತಿರುಚಿದ ಭಾಗ ಕುಗ್ಗಿ ಚೂಪಾಗಿ ನಿಲ್ಲುತ್ತದೆ. ಎಷ್ಟು ಎಳೆಯಬೇಕು ಅನ್ನುವುದನ್ನು ಬೆರಳೇ ಹೇಳುತ್ತದೆ: ಒಂದು ಹಂತದಲ್ಲಿ ಕಾಗದ ಹಿಡಿಯುತ್ತದೆ, ಅಲ್ಲೇ ಬಿಡಬೇಕು. ಇನ್ನೂ ಎಳೆದರೆ ಮೊನೆ ನಜ್ಜಾಗಿ ಮಡಿಕೆ ಬೀಳುತ್ತದೆ, ಆ ಮಡಿಕೆಯನ್ನು ಮತ್ತೆ ನೇರ ಮಾಡಲಾಗದು. ಇಲ್ಲಿ ಪಟ್ಟಿಯ ಉದ್ದಕ್ಕೆ ನಾರು ಇರುವುದು ಒಳ್ಳೆಯದೇ, ಉಬ್ಬು ಮೊನೆಗೆ ಸ್ಪ್ರಿಂಗಿನ ಸೆಟೆತ ಬರುತ್ತದೆ.

ಹೃದಯ, ಚೆಂಡು, ಹಿಮ

ಡೆನ್ಮಾರ್ಕಿನ ಹೆಣೆದ ಹೃದಯ ನೋಡಲು ಚಪ್ಪಟೆ, ಬಾಯಿ ಅಗಲಿಸಿದರೆ ಒಳಗೆ ಜೇಬು. ಹೆಸರು ಬರೆದ ಚೀಟಿಯೋ ಒಂದು ಸಣ್ಣ ಉಂಗುರವೋ ಇಡಬಹುದು, ಹಾಗಾಗಿ ಡಬ್ಬಿಗೆ ಕಟ್ಟುವ ಚೀಟಿಯ ಕೆಲಸ ಇದಕ್ಕೇ ಒಪ್ಪಿಸಿದೆ. ಎರಡು ಬಣ್ಣದ 6 × 18 ಸೆಂ.ಮೀ. ತುಂಡುಗಳನ್ನು ನಡುವೆ ಮಡಚಿ, ತೆರೆದ ತುದಿಯನ್ನು ಅರ್ಧವೃತ್ತವಾಗಿ ಕತ್ತರಿಸಿ, ಮಡಿಕೆಯ ಕಡೆಯಿಂದ 6.3 ಸೆಂ.ಮೀ. ಉದ್ದದ ಎರಡು ಸೀಳು ಹಾಕಬೇಕು. ಆ ಹೆಚ್ಚಿನ 3 ಮಿಲಿಮೀಟರ್ ಇಲ್ಲದಿದ್ದರೆ ಕೊನೆಯ ಸಾಲು ಕೂರುವುದಿಲ್ಲ. ಚಾಪೆಯಂತೆ ಮೇಲೆ ಕೆಳಗೆ ಹೆಣೆದರೆ ಜೇಬು ತೆರೆಯದು. ಒಂದು ಕುಣಿಕೆ ಎದುರಿನದರ ಹೊಟ್ಟೆಯೊಳಗೆ ಹೋಗಬೇಕು, ಮುಂದಿನದನ್ನು ತನ್ನ ಹೊಟ್ಟೆಯೊಳಗೆ ಹಾಕಿಕೊಳ್ಳಬೇಕು, ಮೂರನೆಯದರ ಒಳಗೆ ಮತ್ತೆ ಹೋಗಬೇಕು. ಎರಡನೇ ಸಾಲು ಇದರ ತದ್ವಿರುದ್ಧ, ಮೂರನೆಯದು ಮೊದಲಿನಂತೆ.

ಪಟ್ಟಿ ಚೆಂಡಿಗೆ 200 ಜಿಎಸ್‌ಎಂ ಕಾಗದದಲ್ಲಿ 1.5 × 16 ಸೆಂ.ಮೀ.ನ ಹನ್ನೆರಡು ಪಟ್ಟಿ. ಇವನ್ನು ಎ4 ಹಾಳೆಯ ಅಗಲಕ್ಕೆ ತೆಗೆದೆ, ಆಗ ನಾರು ಪಟ್ಟಿಗೆ ಅಡ್ಡ ಬಂದು ಕಮಾನು ಎಲ್ಲೂ ಮುರಿಯದೆ ನಯವಾಗಿ ಬಾಗುತ್ತದೆ. ಎರಡೂ ತುದಿಯಿಂದ ಅರ್ಧ ಸೆಂ.ಮೀ. ಬಿಟ್ಟು ತೂತು ಮಾಡಿ, ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿ, ಕೆಳಗೊಂದು ಮಣಿ ಕಟ್ಟಿ, ಬೀಸಣಿಗೆಯಂತೆ ಸುತ್ತಲೂ ಹರಡಬೇಕು. ತೂತಿನಿಂದ ತೂತಿಗೆ 15 ಸೆಂ.ಮೀ. ಇದ್ದರೆ ಚೆಂಡಿನ ಅಡ್ಡಳತೆ ಸುಮಾರು 9.5 ಸೆಂ.ಮೀ., ಪಟ್ಟಿಗಳ ನಡುವೆ ಒಂದೊಂದು ಸೆಂ.ಮೀ. ಸಂದಿ. ನನಗೆ ಇದರಲ್ಲಿ ಇಷ್ಟವಾಗಿದ್ದು ಆಕಾರವನ್ನೆಲ್ಲ ಒಳಗಿನ ದಾರವೇ ತೀರ್ಮಾನಿಸುವುದು. ಪಟ್ಟಿಗಳು ನೇರವಾಗಲು ಒದ್ದಾಡುತ್ತಾ ಎರಡು ತುದಿಗಳನ್ನೂ ದೂರ ತಳ್ಳುತ್ತಿರುತ್ತವೆ, ದಾರ ಹಿಡಿದು ನಿಲ್ಲಿಸುತ್ತದೆ. ಮೇಲಿನ ಗಂಟನ್ನು 9.5ಕ್ಕೆ ಹಾಕಿದರೆ ದುಂಡು, 7ಕ್ಕೆ ಇಳಿಸಿದರೆ ಕುಂಬಳ, 12ಕ್ಕೆ ಬಿಟ್ಟರೆ ನಿಂಬೆಯ ಆಕಾರ. ಮೂರನ್ನೂ ಮಾಡಿ ಒಂದೇ ಕೊಂಬೆಗೆ ತೂಗಿದೆ.

ಕಿಟಕಿಗೆ ಹಿಮದ ಹರಳು ಕತ್ತರಿಸುವವರಲ್ಲಿ ಒಂದು ವಿನಂತಿ: ಎಂಟು ಕೈ ಬೇಡ, ಆರೇ ಇರಲಿ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಆರು ಮೂಲೆಯ ಜಾಲವಾಗಿ ಜೋಡಿಸಿಕೊಳ್ಳುವುದರಿಂದ ಹಿಮದ ಹರಳಿಗೆ ಆರು ಕೈ. ಹಿಮ ಯಾಕೆ ಆರು ಮೂಲೆ ಅಂತ ಯೋಹಾನೆಸ್ ಕೆಪ್ಲರ್ 1611ರಲ್ಲೇ ತಲೆ ಕೆಡಿಸಿಕೊಂಡು ಬರೆದಿದ್ದಾರೆ. ಮಡಚುವುದೂ ಕಷ್ಟವೇನಲ್ಲ. ಚೌಕವನ್ನು ಕರ್ಣಕ್ಕೆ ಮಡಚಿ, ಉದ್ದ ಬದಿಯ ನಡುಬಿಂದುವಿನಿಂದ 60 ಡಿಗ್ರಿಗೆ ಎರಡೂ ಕಡೆ ಮಡಚಿ, ಮತ್ತೊಮ್ಮೆ ಅರ್ಧ ಮಾಡಿದರೆ ಹನ್ನೆರಡು ಪದರದ ಬೆಣೆ. 80 ಜಿಎಸ್‌ಎಂಗಿಂತ ತೆಳುವಾದ ಕಾಗದವೇ ಇದಕ್ಕೆ ಸರಿ.

ಅಂಟಿಸುವುದು, ತೂಗುವುದು, ಎತ್ತಿಡುವುದು

ಅಲಂಕಾರವನ್ನು ಸುತ್ತುಕಾಗದಕ್ಕೇ ನೇರವಾಗಿ ಅಂಟಿಸಬೇಡಿ. ಡಬ್ಬಿಯ ನಡುವಿಗೆ 4 ಸೆಂ.ಮೀ. ಅಗಲದ ಕಾಗದದ ಪಟ್ಟಿ ಸುತ್ತಿ, ಚಕ್ರದ ಹಿಂದಿನ ಬಿಲ್ಲೆಯನ್ನು ಡಬಲ್ ಟೇಪಿನಿಂದ ಆ ಪಟ್ಟಿಗೆ ಮಾತ್ರ ಹಿಡಿಸಿ. ಪಟ್ಟಿ ಜಾರಿಸಿದರೆ ಅಲಂಕಾರ ಇಡಿಯಾಗಿ ಕೈಗೆ ಬರುತ್ತದೆ, ಸುತ್ತುಕಾಗದ ಹರಿದರೂ ಅದಕ್ಕೆ ಏನೂ ಆಗುವುದಿಲ್ಲ. ಚಕ್ರಕ್ಕೆ ಹಿಂದೆಯೇ ಒಂದು ದಾರದ ಕುಣಿಕೆ ಇಟ್ಟಿದ್ದೇನೆ, ಬಿಚ್ಚಿದವರು ಬೇಕಿದ್ದರೆ ತಮ್ಮ ಮರಕ್ಕೆ ತೂಗಬಹುದು.

ಮರದ ದೀಪಗಳು ಎಲ್ಇಡಿಯೇ ಆಗಿರಲಿ. ಹಳೆಯ ತಂತಿ ಬಲ್ಬುಗಳು ಕಾದು ಕಾಗದಕ್ಕೆ ತಾಗುವುದು ಬೇಡ, ಮೇಣದಬತ್ತಿಯ ಹತ್ತಿರವಂತೂ ಸುಳಿಯುವುದೇ ಬೇಡ. ತೇವದ ಹವೆಯಲ್ಲಿ ಮೊದಲು ಸೋಲುವುದು ನೆರಿಗೆ ಚಕ್ರ, ಆಮೇಲೆ ಚೆಂಡು. ನಕ್ಷತ್ರ ಹೆಣಿಗೆಯ ಬಿಗಿಯಿಂದ ಹೇಗೋ ನಿಲ್ಲುತ್ತದೆ.

ಎತ್ತಿಡುವಾಗ ಚೆಂಡಿನ ಮೇಲಿನ ಗಂಟು ಸಡಿಲಿಸಿ ಪಟ್ಟಿಗಳನ್ನೆಲ್ಲ ಒಂದರ ಮೇಲೊಂದು ಸರಿಸಿದರೆ ಒಂದು ಲಕೋಟೆಯಲ್ಲಿ ನಾಲ್ಕೈದು ಚೆಂಡು ಹಿಡಿಯುತ್ತವೆ. ಉಬ್ಬು ನಕ್ಷತ್ರಗಳಿಗೆ ಮಾತ್ರ ಗಟ್ಟಿ ಡಬ್ಬಿ ಬೇಕು. ಅವುಗಳ ಜೊತೆಗೇ ಹೆರ್ನ್‌ಹುಟ್ ನಕ್ಷತ್ರಕ್ಕೆಂದು (ಜರ್ಮನಿಯ ಹೆರ್ನ್‌ಹುಟ್ ಊರಿನ, ಸುತ್ತಲೂ ಮೊನೆ ಚಾಚಿದ, ಒಳಗೆ ದೀಪವಿಡುವ ನಕ್ಷತ್ರ) 160 ಜಿಎಸ್‌ಎಂ ಹಾಳೆಯಲ್ಲಿ ಕತ್ತರಿಸಿದ ಎರಡು ಅಚ್ಚುಗಳನ್ನೂ ಹಾಕಿಟ್ಟಿದ್ದೇನೆ, ಒಂದು ಚೌಕ ಬುಡದ ಮೊನೆಗೆ, ಇನ್ನೊಂದು ತ್ರಿಕೋನ ಬುಡದ್ದಕ್ಕೆ. ಆ ನಕ್ಷತ್ರಕ್ಕೆ ಮೊದಲ ಬಗೆಯ ಮೊನೆ 17 ಬೇಕು, ಎರಡನೆಯದು 8. ಹದಿನೆಂಟನೇ ಚೌಕವನ್ನು ದೀಪದ ವೈರಿಗೆ ಖಾಲಿ ಬಿಡಬೇಕು.